ಪುತಳಾಬಾಯಿ ಸಿಸ್ಟರ್ ಆಕಾಶಕ್ಕೆ ಹೊರಟದ್ದು

ಕಮಲಾಪುರ
13 ಮೇ 2001

ವಿಶಾಖಾ, ಜೈ ಭೀಮ್.

ಹೋದ ರವಿವಾರ ನೀನು ಬಂದಾಗಲೇ ಇದನ್ನು ಹೇಳಬೇಕೆಂದಿದ್ದೆ. ಆದರೆ ನಾವಿಬ್ಬರೂ ಎದುರು ಕುಳಿತರೆ ಉಪ್ಪಿನಕಾಯಿ, ನಳದ ನೀರು, ನಿನ್ನ ಅತ್ತೆಯ ಮೊಣಕಾಲು ನೋವು, ಇಷ್ಟರಲ್ಲೇ ಬಸ್ಸಿನ ಹೊತ್ತಾಗುತ್ತದೆ. "ತಾಸಿನ ಹಾದಿ, ಅದಕ್ಕೂ ಕಾಗದ ಬರೀತೀರಲ್ರಿ ಸಿಸ್ಟರ್" ಎಂದು ಪೋಸ್ಟಿನ ಭಾಗಪ್ಪ ನಗುತ್ತಾನೆ. ನೀನು ಮೋಮಿನಪುರದಲ್ಲಿ ನನ್ನ ಗೆಳತಿ ಸಕೀನಾಳ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದ ಕಾಲದಿಂದ ನಮಗೆ ಇದೇ ರೂಢಿ. ಬರೆಯಲು ಕುಳಿತರೆ ಮಾತ್ರ ನನಗೆ ಬಾಯಿ ಬರುತ್ತದೆ.

ವಿಷಯ ಇದು. ಅಮೆರಿಕದ ಅರವತ್ತು ವರ್ಷದ ಒಬ್ಬ ಮನುಷ್ಯ ತನ್ನ ಸ್ವಂತ ಖರ್ಚಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದಿದ್ದಾನೆ. ಅವನು ಸಿಪಾಯಿಯಲ್ಲ, ವಿಮಾನ ಹಾರಿಸುವವನಲ್ಲ, ಸರಕಾರ ಆರಿಸಿ ಕಳಿಸಿದವನೂ ಅಲ್ಲ. ನೋಡಬೇಕು ಅನ್ನಿಸಿತು, ಹೋದ. ಅವನ ದೇಶದ ಸಂಸ್ಥೆ ಬೇಡವೆಂದಾಗ ರಷ್ಯಾದವರು ಕೂರಿಸಿಕೊಂಡು ಹೋದರಂತೆ. ಎಂಬತ್ನಾಲ್ಕರಲ್ಲಿ ನಮ್ಮ ದೇಶದವನು ಹೋದಾಗ ನಾನು ಆಸ್ಪತ್ರೆಯ ರೇಡಿಯೋ ಮುಂದೆ ನಿಂತು ಅವನ ದನಿ ಕೇಳಿದ್ದೆ. ಹೆಮ್ಮೆಯಾಗಿತ್ತು, ಆದರೆ ಅದು ನನ್ನಂಥವಳಿಗೆ ಸಂಬಂಧಪಟ್ಟದ್ದಲ್ಲ ಎಂದುಕೊಂಡಿದ್ದೆ. ಈ ಮುದುಕ ಹೋದದ್ದು ಕೇಳಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಲಸಿಕೆಯ ಮೀಟಿಂಗಿಗೆಂದು ಕಲಬುರಗಿಗೆ ಬಂದಾಗ ಗುಲಾಮ್ ರಸೂಲ್‌ನ ಇಂಟರ್ನೆಟ್ ಅಂಗಡಿಗೆ ಹೋಗಿ ಅವನ ಫೋಟೋ ತೆಗೆಸಿಕೊಂಡೆ. ಕಾಲಲ್ಲಿ ಬರೀ ಕಾಲುಚೀಲ, ನೆಲ ಮುಟ್ಟದೆ ತೇಲುತ್ತಿದ್ದಾನೆ, ಮುಖದಲ್ಲಿ ಹಾಲು ಕುಡಿದ ಕೂಸಿನ ಕಳೆ. ಗುಲಾಮ್ ರಸೂಲ್ ಹೇಳಿದ, "ಸಿಸ್ಟರ್, ಇದು ಸಾಹುಕಾರ ಮಂದೀದು ಶೋಕಿ ರೀ. ನಮಗೇನದ ಇದರಾಗ?" ನಾನೆಂದೆ, "ಮೊದ್ಲು ರೈಲಿನಾಗೂ ಅವರೇ ಕುಂತಿದ್ರು. ಈಗ ನಾ ಕುಂಡ್ರಂಗಿಲ್ಲೇನು?"

ಖಾಸಗಿಯವರು ಒಮ್ಮೆ ಕೈ ಹಾಕಿದರೆ ದರ ಇಳಿಯುತ್ತದೆ, ಸೀಟು ಹೆಚ್ಚುತ್ತವೆ. ನೀನು ವಿಜ್ಞಾನ ಕಲಿಸುವವಳು, ಅದಕ್ಕೇ ಕೇಳುತ್ತೇನೆ: ಐವತ್ತೆರಡು ವಯಸ್ಸಿನ, ರಕ್ತದೊತ್ತಡ ಇಲ್ಲದ ಹೆಂಗಸಿನ ದೇಹ ಅದನ್ನು ತಾಳುತ್ತದೆಯೇ? ದಿನಾ ಕೂಸುಗಳ ತೂಕ ನೋಡುವುದೇ ನನ್ನ ಕೆಲಸ. ತೂಕವೇ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಯೋಚಿಸುತ್ತಾ ನಿನ್ನೆ ಒಂದು ಕೂಸನ್ನು ತಕ್ಕಡಿಯಲ್ಲೇ ಬಿಟ್ಟು ನಿಂತುಬಿಟ್ಟಿದ್ದೆ.

ಅಳಿಯ ಚಂದ್ರಶಾಗೆ ನಮಸ್ಕಾರ ಹೇಳು.

ನಿನ್ನ ಅವ್ವ,
ಪುತಳಾಬಾಯಿ


ಗಾಜಿಪುರ, ಕಲಬುರಗಿ
27 ಮೇ 2001

ಅವ್ವಾ,

ಕೇಳಿದ್ದಕ್ಕೆ ಉತ್ತರ. ಅಲ್ಲಿ ರಕ್ತ ತಲೆಗೆ ಏರುತ್ತದೆ, ಮುಖ ಊದಿಕೊಳ್ಳುತ್ತದೆ. ಹೋದ ಹೊಸತರಲ್ಲಿ ವಾಂತಿ ಬರುತ್ತದೆ. ಹೆಚ್ಚು ದಿನ ಇದ್ದರೆ ಎಲುಬು ಸವೆಯುತ್ತವೆ. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೇಳು ವರ್ಷ ನಿಂತ ಮೊಣಕಾಲುಗಳಿಗೆ ಸ್ವಲ್ಪ ಆರಾಮವಾಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ.

ಆ ಮನುಷ್ಯ ಕೋಟಿಗಟ್ಟಲೆ ಸುರಿದು ಹೋದ. ನೀನು ರೈಲಿನ ಉದಾಹರಣೆ ಕೊಟ್ಟದ್ದನ್ನು ಚಂದ್ರಶಾ ಓದಿ ಬಹಳ ನಕ್ಕರು. "ನಿಮ್ಮವ್ವ ಆಕಾಶಕ್ಕ ಹೊಂಟಾರ, ನಾವು ಬೀದರ ಕಿಲ್ಲಾನೂ ನೋಡಿಲ್ಲ" ಎಂದರು. ಕಪನೂರಿನ ಬ್ಯಾಳಿ ಗಿರಣಿಯಲ್ಲಿ ಕೆಲಸ ಮುಗಿಸಿ ಧೂಳು ತುಂಬಿಕೊಂಡು ಬರುವ ಮನುಷ್ಯ ಅಷ್ಟು ನಕ್ಕದ್ದಕ್ಕೆ ನಿನಗೆ ಉಪಕಾರ ಹೇಳಬೇಕು.

ಆದರೆ ಅವ್ವಾ, ಇದನ್ನು ನಮ್ಮ ಅತ್ತೆಯ ಮುಂದೆ ಆಡಬೇಡ. ಆಸ್ಪತ್ರೆಯಲ್ಲಿಯೂ ಬೇಡ. ಮಂದಿ ನಗುವುದು ಚಂದ್ರಶಾ ನಕ್ಕ ಹಾಗಿರುವುದಿಲ್ಲ.

ವಿಶಾಖಾ


ಕಮಲಾಪುರ
19 ಆಗಸ್ಟ್ 2001

ವಿಶಾಖಾ, ಜೈ ಭೀಮ್.

ನೀನು ಬೇಡವೆಂದದ್ದನ್ನು ನಾನು ಆಗಲೇ ಆಡಿಯಾಗಿತ್ತು. ಏನು ಮಾಡಲಿ? ಲಸಿಕೆಯ ದಿನ ಹೆಂಗಸರು ಸಾಲಾಗಿ ಕುಳಿತಿರುತ್ತಾರೆ, ಕೂಸುಗಳು ಅಳುತ್ತಿರುತ್ತವೆ, ಹೊತ್ತು ಹೋಗಬೇಕಲ್ಲ. ತುಂಬಿದ ಬಸುರಿ ಬಂಡೆಮ್ಮ ಕೇಳಿದಳು, "ಸಿಸ್ಟರ್, ಅಲ್ಲಿ ಹಡಿಯೂದು ಹ್ಯಾಂಗ್ರಿ? ಕೂಸು ಕೆಳಗ ಬರಬೇಕಲ್ಲ, ಅಲ್ಲಿ ಕೆಳಗ ಅಂಬೂದೇ ಇಲ್ಲ ಅಂತೀರಿ." ಇದಕ್ಕೆ ಉತ್ತರ ಯಾರಿಗೂ ಗೊತ್ತಿಲ್ಲವೆಂದು ತೋರುತ್ತದೆ. ನಿನಗೆ ಗೊತ್ತಿದ್ದರೆ ಬರೆ, ಅವಳಿಗೆ ಹೇಳುತ್ತೇನೆ.

ಇನ್ನೊಂದು. ಮೋಮಿನಪುರಕ್ಕೆ ಹೋಗಿ ಸಕೀನಾಳ ಕೈಯಲ್ಲಿ ಒಂದು ಉಡುಪು ಹೊಲಿಸಿಕೊಂಡೆ. ಮೇಲಂಗಿ, ಪತಲೂನು ಕೂಡಿಕೊಂಡ ಹಾಗೆ, ಮುಂದೆ ಉದ್ದಕ್ಕೂ ಜಿಪ್ಪು, ನೀಲಿ ಬಟ್ಟೆ. ಅವಳು ಅಳತೆಯ ಪಟ್ಟಿ ಹಿಡಿದು ಎಷ್ಟೋ ಹೊತ್ತು ನನ್ನನ್ನೇ ನೋಡಿದಳು. "ಪುತಳಾ, ತೇರೆಕು ಕ್ಯಾ ಹುವಾ, ಏನಾಗ್ಯದ ನಿನಗ? ಹಜ್‌ಗೆ ಹೋಗೂ ವಯಸ್ಸಿನಾಗ ಪತಲೂನ್ ಹೊಲಸ್ತಿ?" ಎಂದಳು. "ನಂದೂ ಹಜ್ಜೇ ಅಂತ ತಿಳ್ಕೋ, ಹಾದಿ ಬ್ಯಾರೆ" ಎಂದೆ. ಅವಳು ಅಳತೆ ತೆಗೆದುಕೊಂಡಳು. ಒಳಗೆ ಮೆತ್ತನೆಯ ಅಸ್ತರು ಹಾಕಿ, ಜೇಬಿಗೆ ಗುಂಡಿ ಇಟ್ಟು, ನಾನು ಕೇಳಿದ್ದಕ್ಕಿಂತ ಚಂದ ಹೊಲಿದು ಕೊಟ್ಟಳು.

ಅದನ್ನು ತೊಟ್ಟು ಮುಂಜಾನೆ ಬಾಳೆತೋಟದ ಹಾದಿಯಲ್ಲಿ ಬಿರುಸಾಗಿ ನಡೆಯುತ್ತೇನೆ. ಸೀರೆ ಇಲ್ಲದೆ ಕಾಲು ಇಷ್ಟು ಹಗುರ ಇರುತ್ತವೆಂದು ಈ ವಯಸ್ಸಿಗೆ ಗೊತ್ತಾಯಿತು. ತೋಟದವರು ಮೊದಲು ಕೆಲಸ ಬಿಟ್ಟು ನೋಡುತ್ತಿದ್ದರು. ಈಗ ಕೈಯೆತ್ತಿ ಮಾತಾಡಿಸುತ್ತಾರೆ.

ನಿನ್ನ ಅವ್ವ,
ಪುತಳಾಬಾಯಿ


ಗಾಜಿಪುರ, ಕಲಬುರಗಿ
21 ನವೆಂಬರ್ 2002

ಅವ್ವಾ,

ಇವತ್ತು ಸ್ಟಾಫ್ ರೂಮಿನಲ್ಲಿ ಪೇಪರು ಕೈಯಿಂದ ಕೈಗೆ ಹೋಗುತ್ತಿತ್ತು. ನಾನು ಒಳಗೆ ಬಂದಾಗ ಎಲ್ಲರೂ ನಗುತ್ತಿದ್ದರು. ಗಣಿತದ ಹಣಮಂತರಾಯರು ಮಾತ್ರ ಪೇಪರನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಇವರು ನಿಮ್ಮ ತಾಯಿಯವರೇನ್ರಿ?" ಎಂದು ಕೇಳಿದರು. ನೀನು ನೀಲಿ ಉಡುಪು ತೊಟ್ಟು ಆಸ್ಪತ್ರೆಯ ಮುಂದೆ ನಿಂತಿದ್ದೀ. ಮೇಲೆ ದಪ್ಪ ಅಕ್ಷರಗಳಲ್ಲಿ 'ಸೂಲಗಿತ್ತಿಗೆ ಚುಕ್ಕಿಗಳ ಹುಚ್ಚು'.

ಹೈದರಾಬಾದಿನ ಯಾವುದೋ ನಭಯಾತ್ರಿ ಟ್ರಸ್ಟಿಗೆ ನೀನು ಅರ್ಜಿ ಹಾಕಿದ್ದು, ಸಾವಿರಾರು ಜನರಲ್ಲಿ ಉಳಿದ ಕೆಲವರಲ್ಲಿ ನೀನೂ ಒಬ್ಬಳೆಂಬುದು, ಇದೆಲ್ಲ ನನಗೆ ಆ ಪೇಪರಿನಿಂದ ತಿಳಿಯಿತು. ಇಡೀ ವರ್ಷ ನೀನು ಬರೆದ ಕಾಗದಗಳಲ್ಲಿ ಒಂದು ಮಾತಿಲ್ಲ. ನನ್ನ ಎಂಟನೆಯ ಇಯತ್ತೆಯ ಹುಡುಗಿಯರು, "ಟೀಚರ್, ನಿಮ್ಮವ್ವ ರಾಕೆಟ್ ಹತ್ತತಾರಂತಲ್ರಿ" ಎಂದು ಕೇಳಿ ನಗುತ್ತಾರೆ. ನಾನು ಹಲಗೆಯ ಕಡೆ ತಿರುಗಿದೆ.

ಅವರು ನಕ್ಕದ್ದು ನನಗೆ ದೊಡ್ಡದಲ್ಲ. ನನಗೆ ಹೇಳಲಿಲ್ಲ ಎಂಬುದೇ ದೊಡ್ಡದು.

ವಿಶಾಖಾ


ಕಮಲಾಪುರ
20 ಜನವರಿ 2003

ವಿಶಾಖಾ, ಜೈ ಭೀಮ್.

ನಿನ್ನ ಕಾಗದಕ್ಕೆ ಉತ್ತರಿಸಲು ಇಷ್ಟು ದಿನ ತೆಗೆದುಕೊಂಡೆ. ನೀನು ಬರೆದದ್ದು ಸರಿ. ಹೇಳಿದರೆ ನೀನು ಬೇಡವೆನ್ನುತ್ತೀ ಎಂದು ಹೇಳಲಿಲ್ಲ. ಪೇಪರಿನವನು ಬಂದು ಬಹಳ ಮರ್ಯಾದೆಯಿಂದ ಕೇಳಿದ. ಹೀಗೆ ಹಾಕುತ್ತಾನೆಂದು ತಿಳಿಯಲಿಲ್ಲ.

ಈಗ ಎಲ್ಲ ಹೇಳುತ್ತೇನೆ. ಈ ಟ್ರಸ್ಟನ್ನು ಹೊರದೇಶದಲ್ಲಿದ್ದು ಬಂದ ಒಂದಿಬ್ಬರು ಉದ್ದಿಮೆದಾರರು ನಡೆಸುತ್ತಾರೆ. ಮುಂದೆ ಖಾಸಗಿ ನೌಕೆಗಳು ಸಾಮಾನ್ಯ ಜನರನ್ನು ಒಯ್ಯುವ ಕಾಲ ಬಂದೇ ಬರುತ್ತದೆ, ಆಗ ನಮ್ಮ ಕಡೆಯ ಜನ ತಯಾರಿರಬೇಕು ಎಂಬುದು ಅವರ ಮಾತು. ಈಗ ಇಬ್ಬರನ್ನು ಆರಿಸಿ ರಷ್ಯಾಕ್ಕೆ ಕಳಿಸುತ್ತಾರೆ. ಅಲ್ಲಿ ಒಂದು ವಿಮಾನ ಮೇಲೇರಿ ಕೆಳಗೆ ಜಾರುವಾಗ ಒಳಗಿರುವವರು ಸ್ವಲ್ಪ ಹೊತ್ತು ತೇಲುತ್ತಾರಂತೆ. ಅದನ್ನು ತಾಳಿದವರ ಹೆಸರು ಮುಂದಿನ ನೌಕೆಗೆ. ಖರ್ಚೆಲ್ಲ ಅವರದು. ಕೊನೆಯ ಶಿಬಿರ ಫೆಬ್ರವರಿ ಹದಿನಾರಕ್ಕೆ ಹೈದರಾಬಾದಿನಲ್ಲಿ. ನನ್ನನ್ನು ಕರೆದಿದ್ದಾರೆ.

ಒಂದೇ ಕಟ್ಟಳೆ. ಐವತ್ತು ದಾಟಿದವರ ಜೊತೆ ರಕ್ತಸಂಬಂಧದ ಒಬ್ಬರು ಬಂದು, ಡಾಕ್ಟರುಗಳ ಎದುರು ತಮ್ಮ ಒಪ್ಪಿಗೆ ಹೇಳಬೇಕು. ನನಗೆ ನೀನಲ್ಲದೆ ಯಾರಿದ್ದಾರೆ? ರೈಲಿನಲ್ಲಿ ಹೋಗಿ ಮರುದಿನ ಬಂದುಬಿಡೋಣ.

ಏಕೆ ಇಷ್ಟು ಆಸೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ನಿಮ್ಮಪ್ಪ ಲೈನ್‌ಮನ್ ಇದ್ದಾಗ, ಮದುವೆಯಾದ ಹೊಸತರಲ್ಲಿ, ಅವರು ಕಂಬ ಏರಿದರೆ ನಾನು ಕೆಳಗೆ ನಿಂತು "ಏನ್ ಕಾಣ್ತದ್ರಿ?" ಎಂದು ಕೂಗುತ್ತಿದ್ದೆ. "ಹುಮನಾಬಾದ ರಸ್ತಾ ಕಾಣ್ತದ, ಎಲ್ಲಾ ಬಾಳಿತ್ವಾಟ ಕಾಣ್ತಾವ, ನಿನ್ನ ನೆತ್ತಿ ಕಾಣ್ತದ" ಎನ್ನುತ್ತಿದ್ದರು. ಇಳಿದು ಬಂದ ಮೇಲೂ ಅವರ ಮುಖದಲ್ಲಿ ಆ ಬೆಳಕು ಬಹಳ ಹೊತ್ತು ಇರುತ್ತಿತ್ತು. ನಾನೂ ಒಮ್ಮೆ ಮೇಲಿನಿಂದ ನೋಡಬೇಕು, ವಿಶಾಖಾ. ಇಷ್ಟೇ.

ನಿನ್ನ ಅವ್ವ,
ಪುತಳಾಬಾಯಿ


ಗಾಜಿಪುರ, ಕಲಬುರಗಿ
4 ಫೆಬ್ರವರಿ 2003

ಅವ್ವಾ,

ಶನಿವಾರ ಸಂಜೆಯಿಂದ ನಾವು ಟಿ.ವಿ. ಮುಂದಿನಿಂದ ಎದ್ದಿಲ್ಲ. ನೀನೂ ನೋಡಿರುತ್ತೀ. ಬಾಹ್ಯಾಕಾಶದಿಂದ ಏಳು ಜನ ಹಿಂದಿರುಗುವಾಗ, ಇನ್ನೇನು ಇಳಿಯಬೇಕು ಅನ್ನುವಾಗ, ನೀಲಿ ಆಕಾಶದಲ್ಲಿ ಒಂದು ಬಿಳಿ ಗೆರೆ ಹಲವಾಗಿ ಒಡೆಯಿತು. ಅವರಲ್ಲಿದ್ದ ನಮ್ಮ ಕರ್ನಾಲದ ಹೆಣ್ಣುಮಗಳು ಓದಿದ ಶಾಲೆಯ ಮಕ್ಕಳು ಅವಳು ಇಳಿಯುವುದನ್ನು ಸಂಭ್ರಮಿಸಲು ಸೇರಿದ್ದರಂತೆ. ನಿನ್ನೆ ನನ್ನ ಹುಡುಗಿಯರು ಒಬ್ಬರೂ ಏನೂ ಕೇಳಲಿಲ್ಲ. ಅವರಿಗೂ ನಿನ್ನ ನೆನಪಾಗಿತ್ತು.

ಅದು ಸರಕಾರದ ನೌಕೆ. ಎಷ್ಟೋ ಸಲ ಹೋಗಿ ಬಂದದ್ದು. ಅದರ ಗತಿ ಹೀಗಾದರೆ, ಇನ್ನೂ ಕಟ್ಟಿಯೇ ಇಲ್ಲದ ಖಾಸಗಿ ನೌಕೆಯ ಮಾತು ಏಕೆ? ವಿಮಾನದಲ್ಲಿ ತೇಲುವುದಷ್ಟೇ ಎನ್ನಬೇಡ. ನಿನಗೆ ಅಷ್ಟು ಸಾಕಾಗುವುದಿಲ್ಲ, ನನಗೆ ಗೊತ್ತು.

ನೀನು ಅಪ್ಪನ ಮುಖದ ಬೆಳಕಿನ ಬಗ್ಗೆ ಬರೆದೆ. ನಾನು ನೋಡಿದ್ದನ್ನೂ ಬರೆಯುತ್ತೇನೆ, ಈವರೆಗೆ ನೀನು ಕೇಳಿಲ್ಲ, ನಾನು ಹೇಳಿಲ್ಲ. ಆ ದಿನ ನೀನು ಹೆರಿಗೆಗೆಂದು ಡೊಂಗರಗಾಂವಕ್ಕೆ ಹೋಗಿದ್ದಿ. ಮಳೆ ನಿಂತಿತ್ತು. ನಾನು ಶಾಲೆ ಬಿಟ್ಟು ಪಾಟಿಚೀಲ ಹಿಡಿದು ಬರುತ್ತಿದ್ದೆ. ಅಪ್ಪ ಕಂಬದ ಮೇಲಿದ್ದರು. ನಾನು ಕರೆದೆ. ಅವರು ನನ್ನ ಕಡೆ ತಿರುಗಿ ಕೈ ಬೀಸಿದರು. ತೊಯ್ದ ಕಂಬ, ಕಾಲು ಜಾರಿತು. ಆಮೇಲೆ ಜನ ಓಡಿ ಬಂದರು. ನೀನು ಬರುವ ಹೊತ್ತಿಗೆ ಕತ್ತಲಾಗಿತ್ತು. ಮುಂದಿನ ಜೂನಿನಲ್ಲಿ ನನ್ನನ್ನು ಸಕೀನಾ ಖಾಲಾಳ ಮನೆಯಲ್ಲಿ ಬಿಟ್ಟೆ. ಒಳ್ಳೆಯ ಶಾಲೆ ಸಿಕ್ಕಿತು, ಖಾಲಾ ಮಗಳ ಹಾಗೆ ನೋಡಿಕೊಂಡಳು, ಯಾವುದಕ್ಕೂ ತಕರಾರಿಲ್ಲ. ಆದರೆ ನಾನು ಕರೆದದ್ದಕ್ಕೇ ಅಪ್ಪ ತಿರುಗಿದರು ಎಂಬುದನ್ನು ಯಾರ ಮುಂದೆ ಹೇಳಬೇಕಿತ್ತು? ನೀನು ಯಾವಾಗಲೂ ಬೇರೆ ಯಾರದೋ ಮನೆಯಲ್ಲಿ, ಬೇರೆ ಯಾರದೋ ಕೂಸು ಹಿಡಿಯಲು ಹೋಗಿರುತ್ತಿದ್ದಿ.

ಮೇಲೆ ಹೋದವರನ್ನು ಕೆಳಗೆ ನಿಂತು ನೋಡುವುದು ಇನ್ನೊಮ್ಮೆ ನನ್ನಿಂದ ಆಗದು. ಡಾಕ್ಟರುಗಳ ಎದುರು ನಿಂತು ಹೂಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಹೈದರಾಬಾದಿಗೆ ಬರುವುದಿಲ್ಲ. ನನ್ನ ಉತ್ತರ ಬೇಡ ಎಂದು.

ವಿಶಾಖಾ


ಕಮಲಾಪುರ
11 ಫೆಬ್ರವರಿ 2003

ವಿಶಾಖಾ, ಜೈ ಭೀಮ್.

ನಿನ್ನ ಕಾಗದ ಮುಟ್ಟಿತು. ಓದಿದೆ.

ಶಿಬಿರಕ್ಕೆ ಬರುವುದಿಲ್ಲವೆಂದು ಟ್ರಸ್ಟಿನವರಿಗೆ ತಿಳಿಸಿದ್ದೇನೆ. ಇನ್ನು ಆ ಚಿಂತೆ ಬೇಡ.

ಇಲ್ಲಿ ಪೋಲಿಯೋ ಹನಿಯ ಕೆಲಸ ಮುಗಿಯಿತು. ಚಂದ್ರಶಾ ಅವರ ಗೆಳೆಯ ಲಾರಿಯಲ್ಲಿ ಬರುವವನಿದ್ದಾನೆ, ಅವನ ಕೈಯಲ್ಲಿ ಒಂದು ಗೊನೆ ಕೆಂಪು ಬಾಳೆ ಕಳಿಸುತ್ತೇನೆ. ನೋಡಲು ಹಣ್ಣಾದಂತೆ ಕಾಣುತ್ತವೆ, ಆದರೆ ಒಳಗೆ ಗಟ್ಟಿ ಇವೆ. ಅವಸರ ಮಾಡಬೇಡ.

ನಿನ್ನ ಅವ್ವ,
ಪುತಳಾಬಾಯಿ


ಗಾಜಿಪುರ, ಕಲಬುರಗಿ
30 ಏಪ್ರಿಲ್ 2003

ಅವ್ವಾ,

ಯುಗಾದಿಗೆ ಬಂದಾಗ ಮಾತಾಡಬೇಕೆಂದುಕೊಂಡಿದ್ದೆ. ನೀನು ಒಲೆಯ ಮುಂದಿನಿಂದ ಏಳಲೇ ಇಲ್ಲ. ನಾನೂ ಅತ್ತೆಯ ಮೊಣಕಾಲಿನ ಮಾತು ತೆಗೆದೆ. ಗೋಡೆಯ ಮೇಲೆ ಬಾಬಾಸಾಹೇಬರ ಪಟದ ಬದಿಯಲ್ಲಿ ಆ ತೇಲುವ ಮನುಷ್ಯನ ಫೋಟೋ ಅಂಟಿಸಿದ್ದಿ. ಈಗ ಬರೀ ಅಂಟಿನ ಕಲೆ ಇದೆ.

ನನ್ನ ಮೇಲೆ ಸಿಟ್ಟಿದೆಯೇನು? ಇದ್ದರೆ ಬರೆ. ನಾನು ಅಂಥ ಮಾತು ಬರೆದ ಮೇಲೆ ನೀನು ಏನಾದರೂ ಹೇಳುತ್ತೀ ಎಂದುಕೊಂಡಿದ್ದೆ. ಬಾಳೆಗೊನೆ ಬಂತು.

ವಿಶಾಖಾ


ಕಮಲಾಪುರ
7 ಸೆಪ್ಟೆಂಬರ್ 2003

ವಿಶಾಖಾ, ಜೈ ಭೀಮ್.

ಕ್ಷೇಮ. ಈ ಸಲ ಡೆಂಗ್ಯೂ ಜ್ವರ ಜಾಸ್ತಿ, ಓಡಾಟ ಹೆಚ್ಚು. ಬಂಡೆಮ್ಮನಿಗೆ ಎರಡನೆಯದು ಗಂಡು, ಮೂರು ಕಿಲೋ. ನೀನು ಹೇಳಿ ಕಳಿಸಿದ ಚಷ್ಮಾ ಮಾಡಿಸಿಕೊಂಡೆ. ಜೋಳದ ಹಿಟ್ಟು ಬೇಕಾದರೆ ಹೇಳು.

ನಿನ್ನ ಅವ್ವ,
ಪುತಳಾಬಾಯಿ


ಮೋಮಿನಪುರ, ಕಲಬುರಗಿ
12 ಜುಲೈ 2004

ಬೇಟಿ ವಿಶಾಖಾ,

ಈ ಕಾಗದವನ್ನು ನನ್ನ ಸೊಸೆ ಇಕ್ಬಾಲ್ ಬೇಗಂ ಬರೆಯುತ್ತಿದ್ದಾಳೆ. ನಾನು ಹೇಳಿದ ಹಾಗೆ ಬರೆ ಎಂದರೆ ಇವಳು ಶಾಲೆಯ ಮಾತಿನಲ್ಲಿ ಶುದ್ಧ ಮಾಡಿ ಬರೆಯುತ್ತಾಳೆ. ನನ್ನ ದನಿಯಲ್ಲಿ ಓದಿಕೋ. ಗಾಜಿಪುರ ದೂರವಲ್ಲ, ನಾನೇ ಬರಬಹುದಿತ್ತು. ಆದರೆ ನಿನ್ನ ಮುಖ ನೋಡುತ್ತ ಇದನ್ನು ಹೇಳಲಾರೆ.

ನಿಮ್ಮವ್ವ ನಿನ್ನೆ ಬಂದಿದ್ದಳು. ಆ ನೀಲಿ ಉಡುಪನ್ನು ತಂದು ನನ್ನ ಮಶೀನಿನ ಮೇಲಿಟ್ಟು, "ಸಕೀನಾ, ಇದನ್ನ ಬಿಚ್ಚಿ ತಲಿದಿಂಬಿಗೆ ಗಲೀಬು ಹೊಲಿ. ಬಟ್ಟಿ ಗಟ್ಟಿ ಅದ, ಕೆಡಸೂದು ಬ್ಯಾಡ" ಎಂದಳು. ಹೊರದೇಶದಲ್ಲಿ ಸರಕಾರದ ಹಂಗಿಲ್ಲದೆ ಖಾಸಗಿಯವರು ಕಟ್ಟಿದ ನೌಕೆ ಹೋದ ತಿಂಗಳು ಮೇಲೆ ಹೋಗಿ ಬಂತಲ್ಲ, ಅದನ್ನು ನಡೆಸಿದವನಿಗೆ ಅರವತ್ತಮೂರು ವರ್ಷವಂತೆ. ಗುಲಾಮ್ ರಸೂಲ್ ಓಡಿ ಬಂದು ಇದನ್ನು ಅವಳಿಗೆ ಹೇಳಿದ. ಅವಳು, "ಹೌದಾ? ಚಲೋ ಆತು" ಎಂದಳು ಅಷ್ಟೇ. ಅವನು ಪೆಚ್ಚಾಗಿ ಹೋದ. ನಾನು ಕತ್ತರಿ ಎತ್ತಲಿಲ್ಲ. ಉಡುಪು ನನ್ನ ಹತ್ತಿರವೇ ಇದೆ.

ಒಂದು ಮಾತು ನಿನಗೆ ತಿಳಿದಿರಬೇಕು. ಅವತ್ತು ನೀನು ಬರುವುದಿಲ್ಲವೆಂದು ಬರೆದಾಗ ನಾನು ಅವಳಿಗೆ ಹೇಳಿದೆ, "ನಾ ಬರ್ತೀನಿ ನಡಿ. ತಂಗಿ ಅಂತ ಹೇಳ್ತೀನಿ. ಹೆಸರು ಚಂದಮ್ಮ ಅಂತ ಹೇಳಿದ್ರಾತು, ಅಲ್ಲಿ ನಮ್ಮ ರಕ್ತ ತೆಗದು ನೋಡ್ತಾರೇನು?" ಟಿಕೇಟನ್ನೂ ತೆಗೆಸಿದ್ದೆ. ಅವಳು ಒಪ್ಪಲಿಲ್ಲ. "ಮಗಳಿಗೆ ಕೇಳೀನಿ, ಆಕಿ ಬ್ಯಾಡ ಅಂದಾಳ. ಇನ್ನೊಬ್ಬರ ಬಾಯಿಲೆ ಹೂಂ ಅನಿಸಿಕೊಂಡು ಹೋದ್ರ, ಆಕಿಗೆ ನಾ ಕೇಳಿದ್ದು ಸುಳ್ಳಾಗ್ತದ" ಎಂದಳು. ಶಿಬಿರದ ದಿನ ಇಲ್ಲೇ ನನ್ನ ಅಂಗಡಿಯಲ್ಲಿ ಕುಳಿತಿದ್ದಳು. ಇಡೀ ದಿನ ಗುಂಡಿ ಹಚ್ಚಿಕೊಟ್ಟಳು.

ನಿನ್ನನ್ನು ದೂರುತ್ತಿಲ್ಲ ಬೇಟಿ. ನಿಮ್ಮಪ್ಪ ಹೋದ ಮೇಲೆ ನೀನು ನನ್ನ ಮನೆಯಲ್ಲಿ ಮಾಳಿಗೆ ಹತ್ತಲು ಹೆದರುತ್ತಿದ್ದಿ, ಬಟ್ಟೆ ಒಣಗಿಸಲು ನಾನೇ ಹತ್ತುತ್ತಿದ್ದೆ, ಅದನ್ನು ನಾನು ಮರೆತಿಲ್ಲ. ಆದರೆ ಅವಳಿಗೆ ಅದು ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ದುವಾ ಮಾಡುತ್ತ,
ನಿನ್ನ ಖಾಲಾ ಸಕೀನಾ


ಗಾಜಿಪುರ, ಕಲಬುರಗಿ
28 ಅಕ್ಟೋಬರ್ 2004

ಅವ್ವಾ,

ಖಾಲಾ ಜುಲೈಯಲ್ಲಿ ಒಂದು ಕಾಗದ ಬರೆದಿದ್ದಳು. ಅದನ್ನು ಇಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದೆ. ಈ ತಿಂಗಳ ಮೊದಲಿಗೆ ಅದೇ ಖಾಸಗಿ ನೌಕೆ ಮತ್ತೆ ಹೋಗಿ, ದೊಡ್ಡ ಬಹುಮಾನ ಗೆದ್ದ ಸುದ್ದಿ ಬಂತು. ಮುಂದೆ ಟಿಕೇಟು ಕೊಟ್ಟು ಜನರನ್ನು ಒಯ್ಯುವ ಕಂಪನಿಯೂ ಎದ್ದಿದೆಯಂತೆ. ಕ್ಲಾಸಿನಲ್ಲಿ ನಾನೇ ಅದನ್ನು ಓದಿ ಹೇಳಿದೆ. ಒಬ್ಬ ಹುಡುಗಿ ಎದ್ದು, "ನಿಮ್ಮವ್ವ ಹೋಗಂಗಿಲ್ಲೇನ್ರಿ ಟೀಚರ್?" ಎಂದಳು. ಈ ಸಲ ಯಾರೂ ನಗಲಿಲ್ಲ. ಅವಳು ನಿಜವಾಗಿ ಕೇಳಿದ್ದಳು.

ದಸರಾ ರಜೆಯಲ್ಲಿ ಚಂದ್ರಶಾ ಜೊತೆ ಹೈದರಾಬಾದಿಗೆ ಹೋಗಿ ಬಂದೆ. ಟ್ರಸ್ಟಿನ ಆಫೀಸು ಒಂದು ಹಳೆಯ ಬಂಗಲೆಯಲ್ಲಿದೆ. ಅಲ್ಲಿದ್ದ ಹೆಣ್ಣುಮಗಳಿಗೆ ನಿನ್ನ ಹೆಸರು ಹೇಳಿದ ಕೂಡಲೇ, "ಕಮಲಾಪುರದ ಸಿಸ್ಟರಾ?" ಎಂದಳು. ನೀನು ಬರುವುದಿಲ್ಲವೆಂದು ತಿಳಿಸಿದ್ದರೂ, ಮನಸ್ಸು ಬದಲಿಸಿ ಬಂದೀಯೆಂದು ಆ ದಿನ ಸಂಜೆಯವರೆಗೂ ಕಾದರಂತೆ. ನಿನ್ನ ಬದಲು ಹೋದದ್ದು ವಾರಂಗಲ್‌ನ ಒಬ್ಬ ಈಜು ಕಲಿಸುವ ಹೆಂಗಸು. ಅವಳು ತೇಲುತ್ತಿರುವ ಫೋಟೋ ಗೋಡೆಗೆ ಹಾಕಿದ್ದಾರೆ. ಕೈಕಾಲು ಚಾಚಿ, ಕಣ್ಣು ಮುಚ್ಚಿಕೊಂಡಿದ್ದಾಳೆ. ಅದರ ಮುಂದಿನಿಂದ ನಾನು ಸರಿಯಲೇ ಇಲ್ಲ. ಚಂದ್ರಶಾ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಆದರೆ ಕೇಳು. ಏಪ್ರಿಲ್‌ನಲ್ಲಿ ಇನ್ನಿಬ್ಬರನ್ನು ಕಳಿಸುತ್ತಾರೆ. ನೀನು ಮೊದಲಿನ ಸುತ್ತುಗಳಲ್ಲಿ ಕೂರಬೇಕಿಲ್ಲ, ಡಾಕ್ಟರುಗಳು ನೋಡಿ ಒಪ್ಪಿದರೆ ಸಾಕು. ನಾನು ಬರುತ್ತೇನೆ. ಅವರೆದುರು ನಿಂತು ಹೇಳುತ್ತೇನೆ. ನನಗೆ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ಹೆದರಿಕೊಂಡೇ ಹೂಂ ಅನ್ನುತ್ತೇನೆ. ಅಪ್ಪನ ಆ ದಿನದ ಬಗ್ಗೆ ನಿನಗೆ ಬರೆದು ಉತ್ತರ ಸಿಗದೆ ಎರಡು ವರ್ಷ ಆಗುತ್ತ ಬಂತು. ಅದಕ್ಕೂ ಉತ್ತರ ಕೊಡು, ಇದಕ್ಕೂ ಕೊಡು.

ವಿಶಾಖಾ


ಕಮಲಾಪುರ
14 ನವೆಂಬರ್ 2004

ವಿಶಾಖಾ, ಜೈ ಭೀಮ್.

ನಿನ್ನ ಕಾಗದ ಬಂದ ದಿನ ಅದನ್ನು ಓದಿ ಮುಗಿಸಿ, ಲಸಿಕೆಗೆ ಕುಳಿತ ಹೆಂಗಸರಿಗೆ, "ನನ್ನ ಮಗಳು ಹೈದರಾಬಾದಿಗೆ ಹೋಗಿ ಬಂದಾಳ" ಎಂದೆ. ಯಾತಕ್ಕೆ ಎಂದು ಅವರು ಕೇಳಿದರು. "ನನ್ನ ಸಲುವಾಗಿ" ಎಂದೆ. ಅವರಿಗೆ ತಿಳಿಯಲಿಲ್ಲ. ನನಗೆ ಅಷ್ಟು ಹೇಳಬೇಕಿತ್ತು.

ಈಗ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳಬೇಕು. ಶ್ರಾವಣದಲ್ಲಿ ಒಂದು ಮುಂಜಾನೆ ಹಾಸಿಗೆಯಿಂದ ಏಳುವಾಗ ಕೋಣೆಯೆಲ್ಲ ಗರಗರ ತಿರುಗಿತು. ನೆಲ ಯಾವ ಕಡೆ, ಮಾಳಿಗೆ ಯಾವ ಕಡೆ ತಿಳಿಯಲಿಲ್ಲ. ಮೈಗೆ ಭಾರವೇ ಇಲ್ಲದ ಹಾಗಾಯಿತು. ಮಂಚದ ಕಾಲು ಹಿಡಿದುಕೊಂಡು ವಾಂತಿ ಮಾಡಿಕೊಂಡೆ. ಆಮೇಲೆ ಮತ್ತೆ ಮತ್ತೆ ಬಂತು. ಎಡಗಿವಿ ಈಗ ಕೇಳಿಸುವುದಿಲ್ಲ. ನಿಮ್ಮೂರಿನ ಕಿವಿಯ ಡಾಕ್ಟರ್ ಬುರ್ಹಾನುದ್ದೀನ್ ನೋಡಿದರು. ಒಳಗಿವಿಯ ರೋಗವಂತೆ, ಹಿಡಿತದಲ್ಲಿಡಬಹುದು, ಪೂರ್ತಿ ಹೋಗುವುದಿಲ್ಲ. ನಾನು ವಿಮಾನದ ಮಾತು ತೆಗೆದೆ. ಅವರು ಹಳೆಯ ಪೇಪರಿನಲ್ಲಿ ನನ್ನ ಬಗ್ಗೆ ಓದಿದ್ದರಂತೆ, ನಗಲಿಲ್ಲ. "ಸಿಸ್ಟರ್, ಜೋಕಾಲಿನೂ ಆಡಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿದರು. ಆದ್ದರಿಂದ ಏಪ್ರಿಲ್ ನನಗಲ್ಲ. ಟ್ರಸ್ಟಿನವರಿಗೆ ನಾನೇ ಫೋನು ಮಾಡಿ ಹೇಳಿದ್ದೇನೆ.

ನಿನಗೆ ಸಿಟ್ಟಿದೆಯೇನು ಎಂದು ಒಮ್ಮೆ ಕೇಳಿದ್ದಿ. ಹೌದು, ಸಿಟ್ಟಿತ್ತು. ಬಹಳ ದಿನ ಇತ್ತು. ನಿನ್ನ ಕೂಡ ಮಾತಾಡುವಾಗ ಒಲೆಯ ಕಡೆ ಮುಖ ಮಾಡಿದ್ದು ಅದಕ್ಕೇ. ಸಕೀನಾ ನನ್ನನ್ನು ದೊಡ್ಡವಳು ಮಾಡಿ ಬರೆದಿರುತ್ತಾಳೆ. ಅದರಲ್ಲಿ ಅರ್ಧ ಮಾತ್ರ ನಿಜ. ಬಸ್ಸು ಹತ್ತಿ ಗಾಜಿಪುರಕ್ಕೆ ಬಂದು ನಿನ್ನ ಕೂಡ ಜಗಳಾಡಬಹುದಿತ್ತು. ನೀನು ಕರೆದಾಗ ಅವರು ತಿರುಗಿದರು ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ನಿನ್ನೆದುರು ಬರಲು ನನಗೆ ಧೈರ್ಯವಾಗಲಿಲ್ಲ. ಒಂಬತ್ತು ವರ್ಷದವಳು ಅಷ್ಟನ್ನು ಹೊತ್ತುಕೊಂಡು ಮೋಮಿನಪುರಕ್ಕೆ ಹೋದಳು, ನಾನು ಟ್ರಂಕಿನಲ್ಲಿ ಬಟ್ಟೆ ಇಟ್ಟು ಕಳಿಸಿದೆ. ಊರಿನ ಬಸುರಿಯರ ಮುಖ ನೋಡಿ ಹೊಟ್ಟೆಯೊಳಗಿನದು ಹೇಳುತ್ತಿದ್ದೆ. ನಿನ್ನದು ನೋಡಲಿಲ್ಲ.

ಈಗ ಹೇಳುತ್ತೇನೆ, ಸರಿಯಾಗಿ ಕೇಳು. ನಿಮ್ಮಪ್ಪ ಯಾರು ಕರೆದರೂ ತಿರುಗುತ್ತಿದ್ದರು. ಆಡು ಕೂಗಿದರೂ ತಿರುಗುತ್ತಿದ್ದರು. ನಾನೇ ಎಷ್ಟು ಸಲ ಬೈದಿದ್ದೆ. ಅದರಲ್ಲಿ ನಿನ್ನದೇನೂ ಇಲ್ಲ. ಈ ಮಾತು ಅವತ್ತೇ ಹೇಳಬೇಕಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಯಿತು.

ಇನ್ನೊಂದನ್ನೂ ಬಚ್ಚಿಡುವುದಿಲ್ಲ. ದೇಹ ಸರಿಯಿದ್ದಾಗ ಹೋಗಿದ್ದರೆ ನನಗೆ ಬಹಳ ಸಂತೋಷವಾಗುತ್ತಿತ್ತು. ವಾರಂಗಲ್‌ನವಳ ಫೋಟೋ ಬಗ್ಗೆ ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಅವಳು ಕಣ್ಣು ಮುಚ್ಚಿದ್ದು ಏಕೆ? ನಾನಾಗಿದ್ದರೆ ಮುಚ್ಚುತ್ತಿರಲಿಲ್ಲ. ಇದಕ್ಕೆ ನೀನು ಸಮಾಧಾನದ ಮಾತು ಬರೆಯಬೇಡ. ಹೋಗಬೇಕಿತ್ತು, ಹೋಗಲಿಲ್ಲ. ಇದು ಹೀಗೇ ಇರಲಿ.

ಬುಧವಾರ ಮತ್ತೆ ಕಿವಿಯ ಡಾಕ್ಟರ ಹತ್ತಿರ ಹೋಗಬೇಕು. ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಬಸ್ಸಿನ ಮೆಟ್ಟಿಲು ಇಳಿಯುವಾಗ ತಲೆ ತಿರುಗುತ್ತದೆ, ಕಂಡಕ್ಟರನ ಕೈ ಹಿಡಿಯಲು ಸಂಕೋಚವಾಗುತ್ತದೆ. ಶಾಲೆಗೆ ರಜೆ ಹಾಕಿ ಸ್ಟ್ಯಾಂಡಿಗೆ ಬಾ. ಬಲಗಿವಿಯ ಕಡೆ ನಿಂತು ಮಾತಾಡು, ಕೇಳಿಸುತ್ತದೆ.

ನಿನ್ನ ಅವ್ವ,
ಪುತಳಾಬಾಯಿ